ಎದೆಯ ಮೇಲೆ ಪಲ್ಪರ್ ಚಕ್ರ

ಕಬ್ಬಿಣ ಮುಟ್ಟಿದ ಮೇಲೆ ಅಂಗೈಯನ್ನು ಮೂಸಿ ನೋಡುವ ಅಭ್ಯಾಸ ನಿಮಗಿದೆಯೋ ಇಲ್ಲವೋ, ನನಗಂತೂ ಇದೆ. ಮೊನ್ನೆ ಸಕಲೇಶಪುರದಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿನ ಜಿಮ್ಮಿನಲ್ಲಿ, ಹಾಗೆ ಮೂಸುತ್ತಲೇ ನಿಂತಿದ್ದೆ. ನನ್ನ ಎದೆ ಹೊಟ್ಟೆಯ ಕಡೆಗೆ ಇಳಿದು ಬಹಳ ಕಾಲವಾಯಿತು. ಅದನ್ನು ಸ್ವಸ್ಥಾನಕ್ಕೆ ಮರಳಿಸಿ ಎಂದು ಡಾಕ್ಟರು ಹೇಳಿದ್ದಾರೆ. ಜಿಮ್ಮಿನ ಕೋಚು, ಕಾಫಿಯೋ ಟೀಯೋ ಎನ್ನುವಷ್ಟು ಹಗುರವಾಗಿ, "ಸರ್, ಚೆಸ್ಟ್‌ಗೆ ಬಾರ್‌ಬೆಲ್ಲೋ ಡಂಬೆಲ್ಲೋ?" ಎಂದರು. ನನ್ನ ಉಸಿರು ಅಲ್ಲೇ ನಿಂತಿತು.

ಕಾರಣ ಹಳೆಯದು. ಮದುವೆಯಾದ ಹೊಸತರಲ್ಲಿ ನಾನು ಹೆಗ್ಗದ್ದೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಆಳುಗಳ ಹಾಜರಿ ನನ್ನದು, ಕಾಫಿ ತುಂಬಿದ ಸ್ಟೋರಿನ ಬೀಗವೂ ನನ್ನದು. ಬೀಗ ಹಾಕಿ, ಎಳೆದು ನೋಡಿ, ಮನೆಯ ಬಾಗಿಲವರೆಗೆ ಬಂದು, ಮತ್ತೆ ಹೋಗಿ ಎಳೆದು ನೋಡುವ ಜಾತಿಯವನು ನಾನು. ಎಸ್ಟೇಟಿನ ನಾಯಿಗೂ ಇದು ಗೊತ್ತಿತ್ತು. ಮೊದಲ ಸಲಕ್ಕೆ ಅದು ಏಳುತ್ತಲೇ ಇರಲಿಲ್ಲ.

ಅಂಥವನ ಮನೆಗೆ ನನ್ನ ಹೆಂಡತಿ ಗಿರಿಜೆಯ ತಮ್ಮ ಲೋಕೇಶ ಬಂದಿಳಿದ. ಪಾಳ್ಯದ ಕಡೆ ಅವರದು ರಾಗಿ, ಭತ್ತದ ಬೇಸಾಯ. ಪೊಲೀಸ್ ಆಗಬೇಕೆಂಬುದು ಅವನ ಒಂದೇ ಹಟ. ಹಿಂದಿನ ಸಲ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದವನು ಎದೆಯ ಅಳತೆಯಲ್ಲಿ ಬೆರಳಗಲ ಕಡಿಮೆಯಾಗಿ ವಾಪಸಾಗಿದ್ದ. ವಯಸ್ಸಿನ ಲೆಕ್ಕದಲ್ಲಿ ಇನ್ನು ಒಂದೇ ಅವಕಾಶ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಕೈಪಲ್ಪರುಗಳು ಸ್ಟೋರಿನ ಹಿಂದೆ ಬಿದ್ದಿದ್ದವು. ಲೋಕೇಶ ಅವುಗಳ ಎರಡು ದೊಡ್ಡ ಚಕ್ರ ಬಿಚ್ಚಿ, ನೀರಿನ ಪೈಪಿನ ಎರಡು ತುದಿಗೆ ಸೇರಿಸಿ, ಜಾರದಂತೆ ವೆಲ್ಡಿಂಗ್ ಮಾಡಿಸಿಕೊಂಡು ಬಂದ. ಅದೇ ಬಾರ್‌ಬೆಲ್. ಸ್ಟೋರಿನ ನೆಲದ ಮೇಲೆ ಅಡ್ಡ ಮಲಗಿಸಿದ ಒಂದು ಕಾಫಿ ಮೂಟೆಯೇ ಬೆಂಚು.

ನಾನು ಪೇಂಟಿನ ಡಬ್ಬಗಳಿಗೆ ಸಿಮೆಂಟು ತುಂಬಿ, ಎರಡೆರಡರ ನಡುವೆ ಪೈಪಿನ ತುಂಡು ಕೂರಿಸಿ, ಒಂದು ಜೊತೆ ಡಂಬೆಲ್ ಮಾಡಿಕೊಟ್ಟೆ. ಅವನು ಅದನ್ನು ಬಾಗಿಲಿಗೆ ಆನಿಸಿಟ್ಟ.

"ಡಬ್ಬ ಎತ್ತಿ ಪೊಲೀಸ್ ಆದೋರ್ನ ಎಲ್ಲಾದ್ರೂ ನೋಡಿದ್ದೀರಾ ಬಾವ?"

"ಕೈ ಸೋತ್ರೆ ಆಚೆಗೊಂದು ಈಚೆಗೊಂದು ಬಿಸಾಕ್ಬೋದು ಕಣೋ. ನಿನ್ನ ಆ ಚಕ್ರದ ಪೈಪನ್ನ ಎಲ್ಲಿಗೆ ಬಿಸಾಕ್ತೀಯ?"

"ಬಿಸಾಕಕ್ಕೆ ಯಾರಾದ್ರೂ ಎತ್ತುತಾರಾ? ನೀವು ಹುಟ್ತಾನೇ ಹೆದರ್ಕಂಡು ಹುಟ್ಬುಟ್ಟಿದೀರಿ, ಬುಡಿ."

ಅವನ ಮಾತಿನಲ್ಲೂ ನ್ಯಾಯವಿತ್ತು. ಬಾರ್‌ಬೆಲ್ಲಿನಲ್ಲಿ ಎರಡು ತೋಳೂ ಒಂದೇ ಭಾರಕ್ಕೆ ಹೆಗಲು ಕೊಡುವುದರಿಂದ ಹೆಚ್ಚು ತೂಕ ಏಳುತ್ತದೆ. ಡಂಬೆಲ್ಲಿನಲ್ಲಿ ಪ್ರತಿ ತೋಳೂ ಒಂಟಿ. ನಡುಗುತ್ತದೆ, ಅಡ್ಡಾದಿಡ್ಡಿ ಹೋಗುತ್ತದೆ. ಆದರೆ ತೋಳು ಇನ್ನಷ್ಟು ಕೆಳಗಿಳಿಯುತ್ತದೆ, ಎದೆ ಇನ್ನಷ್ಟು ಅರಳುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದಿದ್ದದ್ದು ಹೆದರಿಕೆಯೊಂದೇ. "ಅವನಿಗೇನಾದ್ರೂ ಆದ್ರೆ ನಮ್ಮಪ್ಪಂಗೆ ನಾನೇನ್ ಹೇಳ್ಲಿ?" ಎಂದು ಗಿರಿಜೆ ಬೇರೆ ದಿನವೂ ಕೇಳುತ್ತಿದ್ದಳು.

ಅಳತೆಯ ದಿನ ಹತ್ತಿರವಾದಂತೆ ಅವನು ಚಕ್ರಗಳಿಗೆ ಕಬ್ಬಿಣದ ತುಂಡುಗಳನ್ನು ಬಿಗಿಯತೊಡಗಿದ. ಒಂದು ಬೆಳಿಗ್ಗೆ ನಾನು ತಲೆಯ ಹತ್ತಿರ ನಿಂತಿದ್ದಾಗ, "ನಿಮ್ಮ ಮುಖ ನೋಡಿದ್ರೇ ನಂಗೆ ಶಕ್ತಿ ಹೋಯ್ತದೆ ಬಾವ, ಆಚೆ ಹೋಗಿ" ಎಂದ. ಜಗಲಿಗೆ ಬಂದು ಕಿವಿ ಮಾತ್ರ ಒಳಗಿಟ್ಟೆ. ಪ್ರತಿ ಸಲ ಎತ್ತುವಾಗಲೂ ಅವನು "ಹೂಂ" ಎನ್ನುತ್ತಿದ್ದ. ಹೂಂ. ಹೂಂ. ಆಮೇಲೆ ಏನೂ ಇಲ್ಲ.

ಒಳಗೆ ಓಡಿದೆ. ಪೈಪು ಅವನ ಎದೆಯ ಮೇಲೆ ಕೂತಿತ್ತು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎತ್ತಿದೆ, ಏಳಲಿಲ್ಲ. ಒಂದು ಕಡೆಗೆ ವಾಲಿಸೋಣವೆಂದರೆ ಪೈಪು ಅವನ ಕುತ್ತಿಗೆಯ ಕಡೆಗೆ ಉರುಳಿತು. ವೆಲ್ಡಿಂಗ್ ಮಾಡಿದ ಚಕ್ರ ಕಳಚುವ ಹಾಗಿರಲಿಲ್ಲ. ಆಳುಗಳ ಲೈನ್‌ಮನೆಗಳ ಪಕ್ಕ ಕಾಫಿ ಸುಲಿಯುವ ಎಂಜಿನ್ ಓಡುತ್ತಿತ್ತು, ಕೂಗಿದರೂ ಅಲ್ಲಿಗೆ ಕೇಳುತ್ತಿರಲಿಲ್ಲ.

ಜೀವಮಾನವೆಲ್ಲ ಚಿಂತೆ ಮಾಡಿದವನಿಗೆ ಆ ಗಳಿಗೆಯಲ್ಲಿ ಒಂದು ಚಿಂತೆಯೂ ಹೊಳೆಯಲಿಲ್ಲ. ಹೊಳೆದದ್ದು ಮೂಟೆಯ ಹುರಿ ಕತ್ತರಿಸುವ ಚಾಕು. ಅವನ ಬೆನ್ನಡಿಯ ಮೂಟೆಯನ್ನು ಉದ್ದಕ್ಕೆ ಸೀಳಿದೆ. ಕಾಫಿ ಜರಜರ ಸುರಿಯಿತು. ಎರಡೂ ಕೈಯಲ್ಲಿ ತೋಡಿ ತೋಡಿ ಎಳೆದೆ. ಲೋಕೇಶ ಕುಸಿದ, ಪೈಪೂ ಅವನ ಜೊತೆಗೇ ಇಳಿಯಿತು. ಕೊನೆಗೆ ಚಕ್ರಗಳು ನೆಲಕ್ಕೆ ತಾಗಿ ನಿಂತವು. ಅವನು ಮಾತ್ರ ಇನ್ನೂ ಇಳಿದ. ಪೈಪಿಗೂ ಎದೆಗೂ ನಡುವೆ ಬೆಳಕು ಕಂಡಿತು. ಆಮೇಲೆ ಅವನು ಎಳೆದುಕೊಂಡ ಉಸಿರಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಗಿರಿಜೆ ಬಂದು, ತಮ್ಮನನ್ನು ನೋಡಿ, ನೆಲ ನೋಡಿ, ದಬ್ಬಣ ಹುಡುಕಿಕೊಂಡು ಕೂತಳು. "ಮೂಟೆ ಆದ್ರೆ ಹೊಲೀಬೋದು" ಎಂದಳು. ಅಷ್ಟೇ.

ಲೋಕೇಶ ಸಿಮೆಂಟಿನ ಡಬ್ಬಗಳನ್ನು ತಾನಾಗಿಯೇ ಒಳಗೆ ತಂದುಕೊಂಡ. ನೋವು ಇಳಿದ ಮೇಲೆ ಅಳತೆಯ ದಿನದವರೆಗೂ ಅವನ್ನೇ ಎತ್ತಿದ. ಎದೆಗೆ ಅಡ್ಡಲಾಗಿ ಮಾಸುತ್ತಿದ್ದ ಕಪ್ಪು ಪಟ್ಟೆಯ ಮೇಲೇ ಟೇಪು ಎಳೆದರಂತೆ. ಪಾಸಾದ.

ಮೊನ್ನೆ ಜಿಮ್ಮಿಗೆ ನನ್ನನ್ನು ಎಳೆದು ತಂದವನೂ ಅವನೇ. ಈಗ ಆಲೂರಿನಲ್ಲಿ ಕೆಲಸ, ಮೀಸೆ ನರೆತಿದೆ. ಕೋಚಿನ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ: "ಡಂಬೆಲ್ ಕೊಡಿ ಇವ್ರಿಗೆ."

"ಬಾರ್‌ಬೆಲ್" ಎಂದೆ.

ಅವನು ನನ್ನನ್ನು ನೋಡಿದ. "ಬ್ಯಾಡ ಬಾವ."

"ನೀನು ತಲೆ ಹತ್ರ ನಿಂತ್ಕೊ. ಆಚೆ ಹೋಗು ಅಂತ ನಾನು ಹೇಳಲ್ಲ."

ಅವನು ಬಂದು ಕಂಬಿಯ ಕೆಳಗೆ ಎರಡೂ ಅಂಗೈ ಚಾಚಿದ. ನಾನು ಬೆಂಚನ್ನು ಒತ್ತಿ ನೋಡಿದೆ. ಒಳಗೆ ಬರೀ ಸ್ಪಂಜು. ಅವನ ಕೈಗಳನ್ನು ಇನ್ನೊಮ್ಮೆ ನೋಡಿ, ಮಲಗಿದೆ.