ಚಿಕ್ಕಮ್ಮ ಮತ್ತು ಈಜುಕೊಳದ ಬೋರ್ಡು

ನನ್ನ ಚಿಕ್ಕಮ್ಮ ತೂಕದ ಯಂತ್ರ, ಟೋಕನ್ ಬೋರ್ಡು, ಸ್ಕೋರ್ ಬೋರ್ಡುಗಳನ್ನು ರಿಪೇರಿ ಮಾಡುವವಳು. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಮೇಜಿನ ತುಂಬ ವೈರು, ಗಾಳಿಯ ತುಂಬ ಬೆಸುಗೆಯ ವಾಸನೆ. ಅವಳ ಮಾತು ಬಲು ನಿಧಾನ. ಒಂದು ಪ್ರಶ್ನೆ ಕೇಳಿದರೆ ಅದನ್ನು ಒಳಗಿಳಿಸಿಕೊಂಡು, ಅರಗಿಸಿಕೊಂಡು, ಆಮೇಲೆ ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅವಳನ್ನು ಮೆಚ್ಚಿದವರು ಈಜುಕೊಳದ ಟೈಮ್‌ಕೀಪರ್. ನಾವಿಟ್ಟ ಹೆಸರು ‘ಎಕ್ಸ್‌ಪ್ರೆಸ್’. ಅವರ ಬಾಯಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದು ಉರುಳುತ್ತವೆ. ನೆಟ್ಟಗಿದ್ದ ಬೋರ್ಡನ್ನೂ ಕೆಟ್ಟಿದೆಯೆಂದು ಹೇಳಿ ಚಿಕ್ಕಮ್ಮನನ್ನು ಕರೆಸಿಕೊಳ್ಳುತ್ತಿದ್ದರು ಪುಣ್ಯಾತ್ಮರು. ಇವಳೂ ತಪ್ಪದೆ ತಲೆ ಬಾಚಿಕೊಂಡು ಹೊರಡುತ್ತಿದ್ದಳು. ನಮಗೇನು ಕಣ್ಣಿಲ್ಲವೇ?

ಕಳೆದ ವಾರ ಅವರು ಅಂಗಡಿಗೇ ಬಂದು, ಬೆವರೊರೆಸಿಕೊಳ್ಳುತ್ತ, ಒಂದೇ ಉಸಿರಿಗೆ ಏನೇನೋ ಸುರಿದುಬಿಟ್ಟರು. ಚಿಕ್ಕಮ್ಮ ಅವರ ಮುಖವನ್ನೇ ನೋಡುತ್ತ ಕೂತಳು. ಅವಳಿಗೆ ಮನಸ್ಸಿಲ್ಲವೆಂದುಕೊಂಡು ಅವರು ಜೋಲುಮೋರೆ ಹಾಕಿಕೊಂಡು ಹೊರಟೇಹೋದರು.

“ಯಾಕೆ ಸುಮ್ಮನಿದ್ದೆ ಚಿಕ್ಕಮ್ಮಾ?” ಎಂದು ರೇಗಿದೆ.

“ಎಲ್ಲಾ ಕಲಸುಮೇಲೋಗರ ಆಯ್ತು ಕಣೇ. ‘ಮದುವೆ’ ಅನ್ನೋದೊಂದು ಗೊತ್ತಾಯ್ತು. ಯಾರ್ದು ಅಂತ ಯೋಚ್ನೆ ಮಾಡೋಷ್ಟರಲ್ಲಿ ಮನುಷ್ಯನೇ ಇಲ್ಲ.” ಅವಳ ಕಣ್ಣು ತುಂಬಿತು. “ತಾವಾಗಿ ಇನ್ನೊಂದ್ಸಲ ಬರಲ್ಲ ಅವರು.”

ನಿನ್ನೆ ಮಕ್ಕಳ ಈಜು ಸ್ಪರ್ಧೆ. ಬೆಳಿಗ್ಗೆಯೇ ಬೋರ್ಡು ನಿಜಕ್ಕೂ ಕೈಕೊಟ್ಟಿತು. ಫೋನು ಮಾಡಿದ್ದು ಮ್ಯಾನೇಜರ್, ಅವರಲ್ಲ. ಚೀಲ ಹೊತ್ತು ನಾನೂ ಹೋದೆ. ಅಂಕಿ ಬರಬೇಕಾದಲ್ಲೆಲ್ಲ ಅಡ್ಡಗೆರೆ, ಪ್ರಶ್ನೆಚಿಹ್ನೆ.

“ಬ್ಲೂಟೂತ್ ಪೆಟ್ಟಿಗೆ ಹೊಸದು ಹಾಕ್ದೆ ಟೈಮರ್ ಹತ್ರಾನೇ ಇದೆ ಸಿಗ್ನಲ್ಲೂ ಬರ್ತಿದೆ ಆದ್ರೂ ಹಾಳಾಗೋಗಿದೆ,” ಎಂದು ಎಕ್ಸ್‌ಪ್ರೆಸ್ ನೆಲಕ್ಕೆ ವರದಿ ಒಪ್ಪಿಸಿದರು.

ಚಿಕ್ಕಮ್ಮ ಪೆಟ್ಟಿಗೆ ಬಿಚ್ಚಿದಳು. “ಏನೂ ಹಾಳಾಗಿಲ್ಲ. ಪೆಟ್ಟಿಗೆಯಿಂದ ಬೋರ್ಡಿಗೆ ಹೋಗೋದು ಈ ಒಂದು ವೈರು. ಅಂಕಿಗಳು ಬಿಟ್ ಅನ್ನೋ ಚೂರುಗಳಾಗಿ ಇದರಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗ್ತವೆ. ಹೊಸ ಪೆಟ್ಟಿಗೆ ಬಿರಬಿರನೆ ಕಳಿಸ್ತಿದೆ, ಬೋರ್ಡು ನಿಧಾನಕ್ಕೆ ಎಣಿಸ್ಕೊಳ್ತಿದೆ. ಆ ವೇಗಕ್ಕೆ ಬಾಡ್ ರೇಟ್ ಅಂತಾರೆ. ಎರಡೂ ಕಡೆ ಒಂದೇ ಇರ್ಬೇಕು. ಇಲ್ದಿದ್ರೆ ಕೇಳೋರಿಗೆ ತಲೆಬುಡ ಗೊತ್ತಾಗಲ್ಲ.” ಅವಳು ತಲೆಯೆತ್ತಿದಳು. “ಮೊನ್ನೆ ನನಗೂ ಹಾಗೇ ಆಯ್ತು. ಬೇಡ ಅಂತ ಅಲ್ಲ.”

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಠಣ್ಣನೆ ಕೆಳಗೆ ಬಿತ್ತು.

ಚಿಕ್ಕಮ್ಮ ವೇಗ ಹೊಂದಿಸಿದಳು. ಬೋರ್ಡಿನ ಮೇಲೆ ಸೊನ್ನೆಗಳು ಸಾಲಾಗಿ ಬೆಳಗಿದವು. ಮಕ್ಕಳು ಹೋ ಎಂದು ಕೂಗಿದರು. ಎಕ್ಸ್‌ಪ್ರೆಸ್ ಅತ್ತ ತಿರುಗಿಯೂ ನೋಡಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡು ಒಂದೊಂದೇ ಪದ ಹೊರಗಿಟ್ಟರು.

“ನೀವು… ನನ್ನನ್ನ… ಮದುವೆ…”

ನಡುವೆ ಎಷ್ಟು ಬಿಡುವೆಂದರೆ, ಅಭ್ಯಾಸ ಮಾಡುತ್ತಿದ್ದ ಹುಡುಗಿಯೊಬ್ಬಳು ಆಚೆ ತುದಿ ಮುಟ್ಟಿ ವಾಪಸು ಬಂದಳು. ಅವರನ್ನು ಹಿಡಿದು ಅಲ್ಲಾಡಿಸೋಣವೇ ಎನಿಸಿತು ನನಗೆ.

“ಇಷ್ಟೊಂದು ನಿಧಾನ ಬೇಡ ರೀ, ಮುದುಕಿ ಆಗ್ಬಿಡ್ತೀನಿ,” ಎಂದಳು ಚಿಕ್ಕಮ್ಮ, ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿ. “ಆಗ್ತೀನಿ.”