ರತ್ನತ್ತೆ ಹೊಲಿಸಿಕೊಟ್ಟ ಕಾಲೇಜು ಬಟ್ಟೆ

ರತ್ನತ್ತೆ ಅಡುಗೆಮನೆಯಲ್ಲೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದಳು. ಮುದ್ದೆ ತೊಳಸುವಾಗ, ದೇವರಿಗೆ ಮಂಗಳಾರತಿ ಎತ್ತುವಾಗ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ಕಾಯುವಾಗಲೂ ಅದೇ ನಿಲುವು. ಭೂಮಿ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕಿಬಿಡಬಹುದು ಎಂಬ ಗುಮಾನಿ ಅವಳ ಕಾಲುಗಳಿಗಿತ್ತು. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ಆಯುಸ್ಸಿನ ಬಹುಭಾಗ ಕಳೆದವಳು. ಮದುವೆ ಊಟಕ್ಕೆ ಜನ ಬಾಗಿಲಲ್ಲೇ ಗುಂಪುಗಟ್ಟಿದರೆ ತಡೆದುಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ. "ಒಳಗಡೆ ಜಾಗ ಇದೆ, ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ!" ಎಂದು ಕೂಗಿಬಿಡುತ್ತಿದ್ದಳು. ಬೀಗರು ನಗುತ್ತಿದ್ದರು. ಆದರೂ ಮುಂದಕ್ಕೆ ಹೋಗುತ್ತಿದ್ದರು.

ಅವಳು ನನ್ನ ಅಪ್ಪನ ತಂಗಿ. ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದಳು. ಮಾವ ಬಸ್ ಡ್ರೈವರ್ ಆಗಿದ್ದರಂತೆ. ನಾನು ಹುಟ್ಟುವ ಮೊದಲೇ ಕಾಯಿಲೆ ಬಂದು ತೀರಿಕೊಂಡರು, ಆ ಕೆಲಸದ ಬದಲಿಗೆ ಅತ್ತೆಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಮಕ್ಕಳಿರಲಿಲ್ಲ. ಮೊದಮೊದಲು ಸೀರೆಯ ಮೇಲೆ ಖಾಕಿ ಕೋಟು ತೊಟ್ಟು ಹೋಗುತ್ತಿದ್ದಳು. ಒಮ್ಮೆ ಸಂತೆ ದಿನದ ನೂಕುನುಗ್ಗಲಿನಲ್ಲಿ ಸೀರೆಯ ಅಂಚು ಬಾಗಿಲಿಗೆ ಸಿಕ್ಕಿ, ಫುಟ್‌ಬೋರ್ಡಿನಿಂದ ಕೆಳಗೆ ಬಿದ್ದು ಮೊಣಕಾಲು ಒಡೆದುಕೊಂಡಳು. ಗಾಯ ಮಾಯುವ ಮೊದಲೇ ಖಾಕಿ ಪ್ಯಾಂಟು ಹೊಲಿಸಿಕೊಂಡಳು.

ಊರಿಗೆ ಊರೇ ಅವಳನ್ನು 'ಪ್ಯಾಂಟ್ ರತ್ನ' ಎಂದು ಕರೆಯತೊಡಗಿತು. ಅಪ್ಪ ತಂಗಿಯ ಜೊತೆ ಮಾತು ಬಿಟ್ಟರು. ಡಿಪೋದಲ್ಲೇ ಸೀರೆ ಉಟ್ಟುಕೊಂಡು ಮನೆಗೆ ಬಾ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳಂತೆ. ಅತ್ತೆ ಬೇಕೆಂದೇ ಪ್ಯಾಂಟಿನಲ್ಲೇ ಬಸ್ಸಿಳಿದು, ಜನ ಕೂತಿರುವ ಅರಳಿಕಟ್ಟೆಯ ಮುಂದಿನ ದಾರಿಯಲ್ಲೇ ನಡೆದು ಮನೆ ಸೇರುತ್ತಿದ್ದಳು. ಆ ಕಥೆ ಹೇಳುವಾಗಲೆಲ್ಲ ಅವಳು ಒಂದು ಮಾತು ಸೇರಿಸುತ್ತಿದ್ದಳು: "ಹೊಸಾ ಬಟ್ಟೆ ನಂಗೆ ರೂಢಿ ಆಗಕ್ಕೆ ಎರಡು ದಿನ, ಊರಿಗೆ ರೂಢಿ ಆಗಕ್ಕೆ ಎರಡು ವರ್ಷ. ಹಾಕ್ಕೊಂಡಿರೋಳು ನಾನಲ್ವಾ?"

ನಾನು ಬೆಳೆಯುವ ಹೊತ್ತಿಗೆ ಊರಿಗೆ ರೂಢಿಯಾಗಿತ್ತು. ಅಪ್ಪನೂ ಮಾತಾಡುತ್ತಿದ್ದರು.

ನನ್ನ ಸಂಗತಿ ಬೇರೆ. ಶಾಲೆಯ ದಾಖಲೆಯಲ್ಲಿ ನಾನು ಹುಡುಗಿ. ಆದರೆ ಹುಡುಗಿ ಎಂದು ಯಾರಾದರೂ ಕರೆದಾಗ, ಪಕ್ಕದಲ್ಲಿ ನಿಂತ ಇನ್ಯಾರನ್ನೋ ಕರೆದಂತೆ ನನಗೆ ಅನ್ನಿಸುತ್ತಿತ್ತು. ಹಾಗಾದರೆ ಹುಡುಗನೇ ಎಂದು ಕೇಳಿಕೊಂಡರೆ, ಅದೂ ಅಲ್ಲ. ಇದನ್ನು ಹೇಳುವುದಕ್ಕೆ ನನ್ನ ಬಳಿ ಮಾತಿರಲಿಲ್ಲ. ಪಿಯುಸಿಯಲ್ಲಿ ಎಲ್ಲರಿಗೂ ಯೂನಿಫಾರಂ ಇತ್ತು, ಹಲ್ಲು ಕಚ್ಚಿ ಕಳೆದೆ. ಆಮೇಲೆ ದೇವನಹಳ್ಳಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಬಿಬಿಎ ಸೀಟು ಸಿಕ್ಕಿತು. ಏರ್‌ಪೋರ್ಟಿನ ಆಚೀಚೆಯ ಕಂಪನಿಗಳಲ್ಲಿ ಕೆಲಸ ಸಿಗುತ್ತದೆಂದು ನಾನೇ ಹಟ ಹಿಡಿದು ಸೇರಿದ ಕೋರ್ಸು. ದಿನವೂ ಫಾರ್ಮಲ್ ಬಟ್ಟೆಯಲ್ಲೇ ಬರಬೇಕು ಎಂದರು. ಹುಡುಗರಿಗೆ ಶರ್ಟು, ಪ್ಯಾಂಟು, ಟೈ. ಹುಡುಗಿಯರಿಗೆ ಚೂಡಿದಾರ, ಪಿನ್ನು ಹಾಕಿದ ದುಪಟ್ಟಾ.

ಅಮ್ಮ ಒಳ್ಳೆಯ ಚೂಡಿದಾರಗಳನ್ನೇ ತಂದಿದ್ದಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ನಾಟಕಕ್ಕೆ ವೇಷ ಕಟ್ಟಿದಂತಿತ್ತು. ಬಾಗಿಲು ಹಾಕಿ ತಮ್ಮನ ಶರ್ಟು, ಪ್ಯಾಂಟು ತೊಟ್ಟು ನೋಡಿದೆ. ಅದೂ ಇನ್ನೊಂದು ವೇಷವೇ. ಎರಡನ್ನೂ ಮಂಚದ ಮೇಲೆ ಎಸೆದು, ಹೊರಗೆ ಬಂದು, "ನಾನು ಕಾಲೇಜಿಗೆ ಹೋಗಲ್ಲ" ಎಂದೆ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಅಮ್ಮ ಅತ್ತಳು. ಅಪ್ಪ ತೋಟಕ್ಕೆ ಹೊರಟುಹೋದರು. ಕೊನೆಗೆ ಅಮ್ಮ ಹೋಗಿ ರತ್ನತ್ತೆಯನ್ನು ಕರೆದುಕೊಂಡು ಬಂದಳು.

ಅತ್ತೆ ನನ್ನನ್ನು ತಾರಸಿಗೆ ಕರೆದೊಯ್ದಳು. ಒಣಗಲು ಹರಡಿದ್ದ ರಾಗಿಯನ್ನು ಕಾಲಿನಿಂದ ಸರಿಸಿ ಜಾಗ ಮಾಡಿಕೊಂಡು ಕೂತಳು. ಏನಾಯ್ತು ಎಂದು ಕೇಳಲಿಲ್ಲ. ಕೊನೆಗೆ ನಾನೇ ಹೇಳಿಬಿಟ್ಟೆ.

"ಅತ್ತೆ, ನಾನು ಹುಡುಗೀನೂ ಅಲ್ಲ, ಹುಡುಗಾನೂ ಅಲ್ಲ ಅನ್ಸುತ್ತೆ. ತುಂಬಾ ದಿನದಿಂದ."

ಅತ್ತೆ ರಾಗಿ ಕಾಳನ್ನು ಬೆರಳಲ್ಲಿ ಆಡಿಸಿದಳು. "ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ ಕಣೆ..." ಎಂದವಳು ಅಲ್ಲಿಗೇ ನಿಂತಳು. 'ಕಣೆ' ಎಂಬುದು ಅವಳ ಬಾಯಿಗೇ ಚುಚ್ಚಿದಂತಿತ್ತು. 'ಕಣೋ' ಎಂದೂ ತಿದ್ದಿಕೊಳ್ಳಲಾಗದೆ ನನ್ನ ಮುಖ ನೋಡಿದಳು. "ಅರ್ಥ ಆಗ್ಲಿಲ್ಲ ಮಗು. ಡಾಕ್ಟ್ರತ್ರ ತೋರಿಸೋ ಅಂಥದ್ದೇನಾದ್ರೂ ಇದ್ಯಾ?"

"ಇಲ್ಲ."

"ನೋವಾಗುತ್ತಾ?"

"ಈ ಬಟ್ಟೆ ಹಾಕ್ಕೊಂಡಾಗ ಆಗುತ್ತೆ."

"ಹಂಗಾರೆ ಬಟ್ಟೆಯಿಂದ ಶುರು ಮಾಡೋಣ. ಬಟ್ಟೆಗೋಸ್ಕರ ಯಾರಾದ್ರೂ ಓದು ಬಿಡ್ತಾರಾ? ಬಟ್ಟೆ ಬಿಡೋದಪ್ಪ!"

ಅಂದಿನಿಂದ ಅತ್ತೆ ನನ್ನ ವಿಷಯದಲ್ಲಿ 'ಬಂದಳು, ಹೋದಳು' ಎನ್ನುವುದನ್ನು ಬಿಟ್ಟಳು. "ಶಶಿ ಬಂತು", "ಶಶಿ ಊಟ ಮಾಡ್ತಾ?" ಎನ್ನುತ್ತಿದ್ದಳು. ಕೇಳಿದವರಿಗೆ ಅದು ಮುದ್ದಿನ ಮಾತು, ಅತ್ತೆಗೆ ಈ ವಯಸ್ಸಿನಲ್ಲೂ ಶಶಿ ಮಗುವೇ ಎಂದುಕೊಳ್ಳುತ್ತಿದ್ದರು. ಅವಳು ಯಾವ ಗಡಿಬಿಡಿಯೂ ಇಲ್ಲದೆ ನನಗೊಂದು ಜಾಗ ಮಾಡಿಕೊಟ್ಟಿದ್ದಳೆಂದು ನನಗೆ ಮಾತ್ರ ಗೊತ್ತಿತ್ತು.

ಮರುದಿನ ದೇವನಹಳ್ಳಿಯ ದೊಡ್ಡ ರೆಡಿಮೇಡ್ ಅಂಗಡಿಗೆ ಹೋದೆವು. ಬಾಗಿಲಲ್ಲೇ ಸೇಲ್ಸ್ ಹುಡುಗಿ ಕೇಳಿದಳು, "ಲೇಡೀಸ್ ಸೆಕ್ಷನ್ನಾ ಆಂಟಿ, ಜೆಂಟ್ಸಾ? ಜೆಂಟ್ಸ್ ಮೇಲ್ಗಡೆ."

"ಕಾಲೇಜಿಗೆ ಹಾಕ್ಕೊಂಡು ಹೋಗಕ್ಕೆ ಬಟ್ಟೆ ಬೇಕಮ್ಮ, ಈ ಮಗೂಗೆ. ಎರಡೂ ಕಡೆ ನೋಡ್ತೀವಿ, ನಡಿ."

ಎರಡೂ ಕಡೆ ನೋಡಿದೆವು. ಕೆಳಗಿನ ಶರ್ಟುಗಳು ಸೊಂಟ ಹಿಡಿಯುತ್ತಿದ್ದವು. ಮೇಲಿನವು ಭುಜದಿಂದ ಜಾರುತ್ತಿದ್ದವು. ಪ್ರತಿ ಸಲ ನಾನು ಟ್ರಯಲ್ ರೂಮಿನಿಂದ ಹೊರಗೆ ಬಂದಾಗಲೂ ಅತ್ತೆ ಬಟ್ಟೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡಿ "ತೆಗಿ" ಎನ್ನುತ್ತಿದ್ದಳು. ನನಗೆ ಸಾಕಾಗಿಹೋಗಿತ್ತು. ಯಾವುದಾದರೂ ಒಂದು ತೆಗೆದುಕೊಂಡು ಹೋಗೋಣ ಎಂದೆ. "ಯಾವ್ದಾದ್ರೂ ಒಂದು ಅಂದ್ರೆ ನಿಮ್ಮಮ್ಮ ತಂದಿದ್ದೇ ಇತ್ತಲ್ಲ" ಎಂದು ಅಂಗಡಿಯಿಂದ ಹೊರಗೆ ನಡೆದಳು.

ವಿಜಯಪುರಕ್ಕೆ ವಾಪಸು ಬಂದು ಬಟ್ಟೆ ಕಟ್ ಮಾಡಿಸಿಕೊಂಡು ಟೈಲರ್ ಅನ್ವರಣ್ಣನ ಹತ್ತಿರ ಹೋದೆವು. ಅತ್ತೆಯ ಖಾಕಿ ಪ್ಯಾಂಟುಗಳನ್ನೆಲ್ಲ ಹೊಲಿದವರು ಅವರೇ. ಟೇಪು ಹಿಡಿದು ಅತ್ತೆಯನ್ನೇ ಕೇಳಿದರು, "ಹೆಂಗ್ ಹೊಲೀಲಿ ಅಕ್ಕಾ?"

"ನನ್ನೇನ್ ಕೇಳ್ತೀಯಾ? ಹಾಕ್ಕೊಳ್ಳೋದು ನಾನಾ?"

ಬಟ್ಟೆಯ ವಿಷಯದಲ್ಲಿ ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊದಲು ತಡವರಿಸಿದೆ. ಆಮೇಲೆ ಒಂದೊಂದಾಗಿ ಹೇಳುತ್ತ ಹೋದೆ. ಶರ್ಟು ನೇರವಾಗಿ ಬೀಳಬೇಕು, ಎದೆಯ ಹತ್ತಿರ ಬಿಗಿ ಬೇಡ, ಉದ್ದ ತೊಡೆಯ ಅರ್ಧದವರೆಗೆ, ಕಾಲರ್ ಇಲ್ಲದ ಪಟ್ಟಿಯ ಕತ್ತು, ಪಕ್ಕದಲ್ಲಿ ಜೇಬು. ಪ್ಯಾಂಟು ನೆಟ್ಟಗೆ, ಬೂದು ಬಣ್ಣದ್ದು. ಮೇಲೊಂದು ತೋಳಿಲ್ಲದ ಕಡುನೀಲಿ ಕೋಟು. ಅನ್ವರಣ್ಣ ಬರೆದುಕೊಳ್ಳುತ್ತಿದ್ದರು. ಅತ್ತೆ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು, ಬೀದಿಯ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದಳು.

ಹೊಲಿದ ಬಟ್ಟೆ ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡಾಗ ವಿಶೇಷವೇನೂ ಅನ್ನಿಸಲಿಲ್ಲ. ಅದೇ ವಿಶೇಷ. ಕನ್ನಡಿಯಲ್ಲಿ ಯಾರೋ ನಿಂತಿದ್ದಾರೆ ಅನ್ನಿಸಲಿಲ್ಲ. ನಾನು ನಿಂತಿದ್ದೆ, ಕಾಲೇಜಿಗೆ ಹೊರಟಿದ್ದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಏನಿದು ರತ್ನ? ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ನಾಳೆ ಕಾಲೇಜಲ್ಲಿ ಗೇಟಿಂದಾಚೆ ಕಳಿಸಿದ್ರೆ?"

"ಅದಕ್ಕೇ ಅತ್ತಿಗೆ, ಕ್ಲಾಸು ಶುರುವಾಗೋಕೆ ಮುಂಚೆ ನಾವೇ ಹೋಗಿ ಕೇಳ್ತೀವಿ."

ಹೋದೆವು. ಪ್ರಿನ್ಸಿಪಾಲರು ಒಬ್ಬ ಹಿರಿಯ ಹೆಂಗಸು, ಕೆಟ್ಟವರಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಚೆನ್ನಾಗಿದೆ. ಆದ್ರೆ ಇದು ನಮ್ಮ ಡ್ರೆಸ್ ಕೋಡ್ ಅಲ್ವಲ್ಲಮ್ಮ. ಒಬ್ಬರಿಗೆ ಬಿಟ್ರೆ ನಾಳೆ ಹತ್ತು ಜನ ಕೇಳ್ತಾರೆ" ಎಂದರು.

"ಕೇಳ್ಲಿ ಮೇಡಂ, ನಮ್ಮ ಅನ್ವರಣ್ಣಂಗೂ ಕೆಲಸ ಸಿಗುತ್ತೆ" ಎಂದಳು ಅತ್ತೆ. ಪ್ರಿನ್ಸಿಪಾಲರು ನಗಲಿಲ್ಲ. ಅತ್ತೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಮೇಡಂ, ಚೂಡಿದಾರ ಹಾಕ್ಕೋ ಅಂದ್ರೆ ಈ ಮಗು ಮನೇಲೇ ಕೂತ್ಕೊಳ್ಳುತ್ತೆ. ಇದನ್ನ ಹಾಕ್ಕೊಂಡ್ರೆ ಓದುತ್ತೆ. ನೀವು ಕಾಲೇಜು ಕಟ್ಟಿರೋದು ಓದಿಸೋಕೆ ತಾನೆ? ಮೈ ಮುಚ್ಚಿದೆ, ಇಸ್ತ್ರಿ ಆಗಿದೆ, ಶೂ ಪಾಲಿಶ್ ಆಗಿದೆ. ಇನ್ನೇನ್ ಕಮ್ಮಿ ಇದೆ ಹೇಳಿ. ಸರಿ ಮಾಡಿಸ್ಕೊಂಡು ನಾಳೆ ಬರ್ತೀನಿ. ನಾಳೇನೂ ಆಗ್ಲಿಲ್ಲ ಅಂದ್ರೆ ನಾಡಿದ್ದು ಬರ್ತೀನಿ. ನಂಗೀಗ ಡ್ಯೂಟಿ ಇಲ್ಲ, ರಿಟೈರ್ ಆಗಿದೀನಿ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೀನೇನು ಹೇಳ್ತೀಯಾ?"

"ಮೇಡಂ, ಹುಡುಗೀರ ಡ್ರೆಸ್ಸೂ ಬೇಡ, ಹುಡುಗ್ರದ್ದೂ ಬೇಡ. ಎರಡೂ ನಾನಲ್ಲ. ಇದ್ರಲ್ಲಿ ನಾನು ಕ್ಲಾಸಲ್ಲಿ ಗಮನ ಇಟ್ಟು ಕೂರ್ತೀನಿ."

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಪಟ್ಟಿ ಕತ್ತು ಆಗಲ್ಲ. ಕಾಲರ್ ಇಡಿಸು. ಈ ಸೆಮಿಸ್ಟರ್ ನೋಡೋಣ."

ಅತ್ತೆ ಎದ್ದು ಕೈಮುಗಿದಳು. ಹೊರಗೆ ಬಂದ ಮೇಲೆ, "ಅಬ್ಬಾ, ಚೆಕಿಂಗ್ ಇನ್‌ಸ್ಪೆಕ್ಟರ್ ಬಸ್ ಹತ್ತಿದಾಗ್ಲೂ ಇಷ್ಟು ಬೆವರಿರ್ಲಿಲ್ಲ ಮಗು" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಾಲೇಜು ಹೂವಿನ ಹಾಸಿಗೆಯಾಗಿರಲಿಲ್ಲ. ಮೊದಲ ದಿನವೇ ಹಿಂದಿನ ಬೆಂಚಿನಿಂದ ಒಬ್ಬ, "ಏನ್ ಗುರು, ಹೋಟೆಲ್ ಮ್ಯಾನೇಜರಾ?" ಎಂದ. ಪಕ್ಕದಲ್ಲಿ ಕೂತ ಹುಡುಗಿ ಮಾತ್ರ ಕೋಟಿನ ಜೇಬು ಮುಟ್ಟಿ ನೋಡಿ, ಎಲ್ಲಿ ಹೊಲಿಸಿದ್ದು ಎಂದು ಕೇಳಿದಳು. ಆಮೇಲೆ ಕೆಲವು ಹೆಸರುಗಳಿಂದ ಕರೆದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಂಜೆ ಬಸ್ಸಿಳಿದು ಸೀದಾ ಅತ್ತೆಯ ಮನೆಗೆ ಹೋಗಿ, ಇನ್ನು ಇದನ್ನು ಹಾಕುವುದಿಲ್ಲ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಅವ್ರು ಎಷ್ಟು ದಿನ ನಗ್ತಾರೋ ಅದಕ್ಕಿಂತ ಒಂದು ದಿನ ಜಾಸ್ತಿ ಹಾಕ್ಕೋ. ಅಷ್ಟೇ." ಆಮೇಲೆ ಒಂದು ತಟ್ಟೆ ಮುಂದಕ್ಕೆ ತಳ್ಳಿ, "ಈಗ ಅವರೆಕಾಯಿ ಸುಲಿ" ಎಂದಳು.

ನಾನು ಹಾಕಿಕೊಂಡೆ. ಸೆಮಿಸ್ಟರ್ ಕಳೆಯಿತು. ಪ್ರಿನ್ಸಿಪಾಲರು ಮತ್ತೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂತಿಮ ವರ್ಷದಲ್ಲಿ ಏರ್‌ಪೋರ್ಟಿನ ಸರಕು ಸಾಗಣೆಯ ಕಂಪನಿಯೊಂದರ ಸಂದರ್ಶನಕ್ಕೂ ಅದೇ ತರಹದ ಬಟ್ಟೆಯಲ್ಲಿ ಹೋದೆ. ಲೆಕ್ಕಪತ್ರದ ಬಗ್ಗೆ ಕೇಳಿದರು, ಬಟ್ಟೆಯ ಬಗ್ಗೆ ಕೇಳಲಿಲ್ಲ. ಕೆಲಸ ಸಿಕ್ಕಿತು.

ಮನೆಯಲ್ಲಿ ಅಪ್ಪ ಈ ಬಗ್ಗೆ ಒಂದು ಮಾತೂ ಆಡಿದವರಲ್ಲ. ಅಮ್ಮ ನನ್ನ ಬಟ್ಟೆಯನ್ನು ಒಗೆದು, ಮಡಿಸಿ ಇಡುತ್ತಿದ್ದಳು, ಆದರೆ ನೆಂಟರು ಬಂದಾಗ ನನ್ನನ್ನು ಒಳಗಿರು ಎನ್ನುತ್ತಿದ್ದಳು.

ಕೆಲಸಕ್ಕೆ ಸೇರಿದ ವರ್ಷವೇ ಅತ್ತೆಗೆ ಹೃದಯದ ತೊಂದರೆ ಬಂತು. ದೇವನಹಳ್ಳಿಯ ಆಸ್ಪತ್ರೆಯಲ್ಲಿದ್ದಳು. ನಾನು ಆಫೀಸು ಮುಗಿಸಿ ಹೋದಾಗ ದಿಂಬಿಗೆ ಒರಗಿ ಕೂತಿದ್ದಳು, ಮೂಗಿಗೆ ಆಕ್ಸಿಜನ್ ನಳಿಕೆ. ಬಹಳ ಚಿಕ್ಕದಾಗಿ ಕಂಡಳು. ನರ್ಸ್ ಹುಡುಗಿಯೊಬ್ಬಳು ಬಂದು ನನ್ನ ಕಡೆ ನೋಡಿ, "ಅಜ್ಜಿ, ಇದ್ಯಾರು? ಮಗನಾ, ಮಗಳಾ?" ಎಂದಳು.

ಅತ್ತೆ ನಳಿಕೆಯನ್ನು ಸ್ವಲ್ಪ ಸರಿಸಿಕೊಂಡಳು. "ನಮ್ಮ ಶಶಿ. ಆಫೀಸಿಂದ ಸೀದಾ ಬಂದಿದೆ, ಊಟ ಮಾಡಿಲ್ಲ. ಕ್ಯಾಂಟೀನ್ ಎಲ್ಲಿದೆ ಹೇಳಮ್ಮ."

ಹಸಿವಿಲ್ಲ ಎಂದರೂ ಬಿಡಲಿಲ್ಲ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸಬಾರದು ಎಂದು ಹೊರಟುಬಂದೆ. ಮರುದಿನ ಆಫೀಸಿನಲ್ಲಿದ್ದಾಗ ಅಪ್ಪನ ಫೋನ್ ಬಂತು. "ಶಶಿ, ರತ್ನ ಹೋಗ್ಬಿಟ್ಲು" ಎಂದರು.

ತಿಥಿಯ ದಿನ ಮನೆಯವರಿಗೆಲ್ಲ ಹೊಸ ಬಟ್ಟೆ ಕೊಡುವುದು ನಮ್ಮಲ್ಲಿ ಪದ್ಧತಿ. ಅಮ್ಮ ಒಬ್ಬಳೇ ವಿಜಯಪುರಕ್ಕೆ ಹೋಗಿ ತಂದಿದ್ದಳು. ಅಪ್ಪನಿಗೆ ಪಂಚೆ, ತಮ್ಮನಿಗೆ ಶರ್ಟು, ಹೆಂಗಸರಿಗೆ ಸೀರೆ. ನೆಂಟರೆಲ್ಲ ನೋಡುತ್ತಿದ್ದಂತೆಯೇ ನನ್ನ ಕೈಗೊಂದು ಕವರು ಕೊಟ್ಟಳು. ಒಳಗೆ ಕಡುಹಸಿರು ಬಣ್ಣದ, ಇನ್ನೂ ಹೊಲಿಯದ ಬಟ್ಟೆ.

"ಎಷ್ಟು ಬೇಕಾಗುತ್ತೋ ಗೊತ್ತಾಗ್ಲಿಲ್ಲ, ಜಾಸ್ತೀನೇ ಕಟ್ ಮಾಡಿಸ್ದೆ" ಎಂದಳು ಅಮ್ಮ. "ನಿಂಗೆ ಹೆಂಗ್ ಬೇಕೋ ಹಂಗೆ ಹೊಲಿಸ್ಕೋ."

ಅವಳು ಬಡಿಸಲು ಒಳಗೆ ಹೋದಳು. ನಾನು ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂತೆ. ಅತ್ತೆ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಆಗಲೇ.