ಈಟಿ ಬಿದ್ದ ಜಾಗ

ಇವತ್ತು ಮಾಡಿದ ಕೆಲಸ: ಹಾಲು ಕಾಸಿದ್ದು, ನಳ ನಿಲ್ಲುವುದರೊಳಗೆ ಬಕೆಟ್ಟು ತುಂಬಿಟ್ಟದ್ದು, ಜೋಳ ಗಿರಣಿಗೆ ಹಾಕಿ ಬಂದದ್ದು, ಬಾಲ್ಕನಿಯ ತುಳಸಿಗೆ ಮಣ್ಣು ಬದಲಿಸಿದ್ದು, ಗ್ಯಾಸಿನವನಿಗೆ ಎರಡು ಸಲ ಫೋನ್ ಮಾಡಿದ್ದು. ಹನ್ನೊಂದು ಗಂಟೆಗೆ ನಮ್ಮ ಮನೆಯವರನ್ನು ಹಡಪಸರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಎಲ್ಲದರಲ್ಲಿ ಕೊನೆಯದೇ ಭಾರದ್ದು.

ಅಲ್ಲಿ ಕತ್ತಲೆ ಮಾಡಿದ ಕೋಣೆಯಲ್ಲಿ ದೊಡ್ಡ ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗದ್ದ ಆನಿಸಿ ಕೂರಿಸುತ್ತಾರೆ. ಬೋಗುಣಿಯೊಳಗೆ ಅಲ್ಲೊಮ್ಮೆ ಇಲ್ಲೊಮ್ಮೆ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಾಗಿಲಾಚೆ ಕುರ್ಚಿಯ ತುದಿಯಲ್ಲಿ ಕೂತ ನನಗೆ ಟಿಕ್, ಟಿಕ್ ಎಂದು ಕೇಳುತ್ತಿತ್ತು. ಒಂದು ಟಿಕ್ ತಡವಾದರೆ ಬಾಗಿಲ ಕಡೆ ಬಗ್ಗುತ್ತಿದ್ದೆ. ಆಗ ಕಣ್ಣ ಮುಂದೆ ಬಂದದ್ದು ಭಾವನವರ ಬಲಗೈ.

ಭಾವನವರೆಂದರೆ ನಮ್ಮ ಮನೆಯವರ ಅಣ್ಣ. ಅವರ ಬಲಗೈಯ ಮೊಳಕೈ ಮಡಿಕೆಯಲ್ಲಿ ಅಂಗೈಯಗಲ ಜಾಗಕ್ಕೆ ಒಂದು ಕೂದಲೂ ಇರಲಿಲ್ಲ, ಮಗುವಿನ ಕೆನ್ನೆಯ ಹಾಗೆ ನುಣುಪು. ಪ್ರಾಯದಲ್ಲಿ ಅವರು ದೌಂಡದ ಆಚೆ ಒಂದು ಸಣ್ಣ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಆಗ ಅದು ಒಂಟಿ ಹಳಿ. ಮುಂದೆ ದಾರಿ ಖಾಲಿ ಇದೆ ಎಂಬುದಕ್ಕೆ ಗುರುತಾಗಿ ಡ್ರೈವರನ ಹತ್ತಿರ ಟೋಕನ್ನಿನ ದೊಡ್ಡ ಬಳೆ ಇರುತ್ತಿತ್ತು. ನಿಲ್ಲದ ಗಾಡಿಯ ಡ್ರೈವರ್ ಅದನ್ನು ಓಡುತ್ತಲೇ ಬೀಸಿ ಬಿಡುತ್ತಿದ್ದ, ಇವರು ತೋಳು ಚಾಚಿ ಅದರೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಳೆ ಬಡಿದು ಬಡಿದು ಆ ಜಾಗ ಹಾಗಾಗಿತ್ತು.

ಹೆಂಡತಿ ತೀರಿಕೊಂಡ ಮೇಲೆ, ನೌಕರಿಯೂ ಮುಗಿದ ಮೇಲೆ, ಅವರು ನಮ್ಮ ಮನೆಗೆ ಬಂದರು. ಒಂದು ಟ್ರಂಕು, ಒಂದು ಹಳೆಯ ಸ್ಕೂಟರು. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ಕೂಡುವುದಿಲ್ಲ, ನೇರ ಮಾತೂ ಕಡಿಮೆ. ಚಹಾ ಬೇಕೇ ಎಂದು ನಾನು ಗೋಡೆಗೆ ಕೇಳುತ್ತಿದ್ದೆ, ಗೋಡೆಯ ಪರವಾಗಿ ಅವರು ಹೂಂ ಅನ್ನುತ್ತಿದ್ದರು.

ಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗುವಾಗ ಟಿವಿಗೆ ಜೋಡಿಸುವ ಆಟದ ಯಂತ್ರ ಬಿಟ್ಟುಹೋಗಿದ್ದಳು. ಒಂದು ಮಧ್ಯಾಹ್ನ ಭಾವನವರು ಅದನ್ನು ಹಚ್ಚಿಕೊಂಡು ಕೂತರು. ಕಾಡು, ಕೋಟೆ, ಗವಿ, ರಾಕ್ಷಸರು, ಮಂತ್ರವಾದಿಗಳು ಇರುವ ಆಟ. ನೀವು ಯಾರಾಗಬೇಕು ಎಂದು ಮೊದಲೇ ಆರಿಸಿಕೊಳ್ಳಬೇಕು. ಭಾವನವರು ಹಸಿರು ಅಂಗಿಯ ಬಿಲ್ಲುಗಾರನನ್ನು ಆರಿಸಿದರು. “ಮಂತ್ರ ಗಿಂತ್ರ ನಮಗ ಬ್ಯಾಡ್ರಿ. ಕೈಯಾಗ ಏನರ ಭಾರ ಇರಬೇಕು,” ಎಂದು ಗೋಡೆಗೆ ಹೇಳಿದರು.

ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತ ನೋಡುತ್ತ ನಾನೂ ಆಟದ ರೀತಿ ತಿಳಿದುಕೊಂಡೆ. ಬಿಲ್ಲಿಗೆ ಎರಡೂ ಕೈ ಬೇಕು, ಅದಕ್ಕೇ ಪೆಟ್ಟು ತಡೆಯುವ ಢಾಲು ಹಿಡಿಯಲಾಗದು. ಹೆದೆ ಎಳೆದು ಹಿಡಿದಷ್ಟೂ ಪೆಟ್ಟು ಜೋರು, ಆದರೆ ತೀರ ಹೊತ್ತು ಹಿಡಿದರೆ ದಮ್ಮು ತೀರಿ ಕೈ ನಡುಗುತ್ತದೆ. ದೂರ ಹೋದ ಹಾಗೆ ಬಾಣ ಇಳಿಯುತ್ತದೆ, ಎದೆಗೆ ತಾಗಬೇಕಾದರೆ ತಲೆಯ ಮೇಲಿನ ಖಾಲಿ ಜಾಗಕ್ಕೆ ಗುರಿ ಇಡಬೇಕು. ವೈರಿ ಮೈಮೇಲೆ ಬಂದರೆ ಬಿಲ್ಲು ಕಟ್ಟಿಗೆಯ ತುಂಡು. ಎಸೆಯುವ ಈಟಿಯ ಲೆಕ್ಕ ಬೇರೆ. ಅದು ಒಂದೇ ಕೈಯದು, ಇನ್ನೊಂದು ಕೈಗೆ ಢಾಲು ಸಿಗುತ್ತದೆ. ಹತ್ತಿರದವರಿಗೇ ತಾಗುತ್ತದೆ, ತೋಳಿನ ಕಸುವಿದ್ದಷ್ಟು ನೆಡುತ್ತದೆ. ಆದರೆ ಒಂದೊಂದೂ ಮಣಭಾರ, ಎಸೆದ ಮೇಲೆ ನಡೆದುಹೋಗಿ ತಿರುಗಿ ತರಬೇಕು.

“ಬಾಣ ಅಂದ್ರ ಟಪಾಲು, ಹೋತಂದ್ರ ಹೋತು,” ಅನ್ನುತ್ತಿದ್ದರು ಭಾವನವರು. “ಈಟಿ ಅಂದ್ರ ಬಾಜೂ ಮನಿಯವರ ಪಾತೇಲಿ. ಇಸಕೊಂಡು ಬರಬೇಕು.”

ಒಂದು ವರ್ಷ ಬಿಲ್ಲಿನಲ್ಲೇ ಆಡಿದರು. ಆಮೇಲೆ ಬಾಣಗಳು ತಪ್ಪತೊಡಗಿದವು. “ಈ ಬಿಲ್ಲ ಬರೋಬ್ಬರಿ ಇಲ್ಲ,” ಎಂದರು. ಬಿಲ್ಲು ಬದಲಿಸಿದರು. ಕೊನೆಗೆ ಬಿಲ್ಲನ್ನೇ ಬಿಟ್ಟು ಈಟಿ ಹಿಡಿದರು. ವಯಸ್ಸಾದವರು, ರುಚಿ ಬದಲಾಗಿದೆ ಅಂದುಕೊಂಡೆ. ಸ್ಕೂಟರಿನ ಬಲಗನ್ನಡಿಯೂ ಅದೇ ತಿಂಗಳು ಗೇಟಿಗೆ ತಗುಲಿ ಒಡೆದಿತ್ತು. ಅದನ್ನೂ ಇದನ್ನೂ ನಾನು ಜೋಡಿಸಲಿಲ್ಲ.

ಒಂದು ದಿನ ಸ್ನಾನಕ್ಕೆ ಹೋಗುತ್ತ, “ಚೀಲ ಭಾಳ ಭಾರ ಆಗೇದ, ಮನಶಾ ಓಡವಲ್ಲ. ಯಾರರ ಸ್ವಲ್ಪ ಹಸನ ಮಾಡಿದ್ರ ಛಲೋ ಆಗ್ತಿತ್ತು,” ಎಂದರು. ಯಾರಾದರೂ ಎಂದರೆ ನಾನು. ಆಟದೊಳಗಿನ ಚೀಲ ತೆರೆದು ನೋಡಿದರೆ ಒಂದೇ ನಮೂನೆಯ ಈಟಿ ಹದಿನಾಲ್ಕು. ನನ್ನ ಕಪಾಟಿನಲ್ಲಿ ಒಂದೇ ನಮೂನೆಯ ಹದಿನಾಲ್ಕು ಸೌಟು ಇದ್ದರೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಒಂದನ್ನು ಉಳಿಸಿ ಉಳಿದವನ್ನೆಲ್ಲ ಆಟದ ಊರಿನ ಪೆಟ್ಟಿಗೆಯಲ್ಲಿಟ್ಟು ಬಂದೆ. ಹಸನಾಯಿತು ಎಂದು ಸಮಾಧಾನವೂ ಆಯಿತು.

ಭಾವನವರು ನೋಡದೆ ಗವಿಯೊಳಗೆ ನುಗ್ಗಿದರು. ಎದುರಿಗೆ ಕಲ್ಲುಮೈಯ ರಾಕ್ಷಸ. ಒಂದು ಈಟಿ ಎಸೆದರು, ಎರಡನೆಯದಕ್ಕೆ ಕೈ ಹಾಕಿದರೆ ಏನೂ ಇಲ್ಲ.

“ನನ್ನ ಈಟಿ ಎಲ್ಲವ?”

“ಪೆಟಿಗ್ಯಾಗ ಅವರಿ,” ಎಂದೆ ಗೋಡೆಗೆ.

“ಅಯ್ಯ ಶಿವನ!” ಎಂದು ಜೋರಾಗಿ ನಕ್ಕರು. “ಯುದ್ಧಕ್ಕ ಹೊಂಟವಗ ಒಂದ ಈಟಿ ಕೊಟ್ಟು ಕಳಿಸೀರಿ! ಇರ್ಲಿ, ಎಸಿಯೋದು, ತರೋದು.”

ಹಾಗೇ ಆಡಿದರು. ಎಸೆದರು, ಓಡಿ ತಂದರು. ಮೂರನೆಯ ಸಲ ಈಟಿ ಕಲ್ಲಿಗೆ ತಾಗಿ ಪರದೆಯ ಬಲಬದಿಗೆ ಬಿತ್ತು. ಕೆಂಪು ಹಿಡಿಕೆಯ ಈಟಿ, ಬೆಳಕಿನಲ್ಲಿ, ಅವರ ಬಿಲ್ಲುಗಾರನ ಕಾಲಿನಿಂದ ನಾಲ್ಕು ಹೆಜ್ಜೆಗೆ. ಭಾವನವರು ಆ ಮನುಷ್ಯನನ್ನು ಎಡಕ್ಕೆ ತಿರುಗಿಸಿದರು. ಮುಂದೆ ನಡೆಸಿದರು. ಮತ್ತೆ ಎಡಕ್ಕೆ.

“ಎಲ್ಲಿ ಬಿತ್ತು?”

ತಮಾಷೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಕುತ್ತಿಗೆ ಮುಂದೆ ಚಾಚಿ, ಪರದೆಯನ್ನು ತುಂಡು ತುಂಡಾಗಿ ಹುಡುಕುತ್ತಿದ್ದರು, ಕಳೆದ ಸೂಜಿ ಹುಡುಕುವ ಹಾಗೆ. ನನ್ನ ಕೈಯ ಹಿಟ್ಟು ತಣ್ಣಗಾಯಿತು.

“ಬಲಕ್ಕರಿ ಭಾವಾರ,” ಎಂದೆ. ಗೋಡೆಗಲ್ಲ, ಅವರಿಗೇ. “ಬಲಕ್ಕ, ಕಾಲ ಹತ್ರನ ಅದರಿ.”

ಅಷ್ಟರಲ್ಲಿ ರಾಕ್ಷಸ ಹೊಡೆದು ಕೆಡವಿದ್ದ. ಭಾವನವರು ಗುಂಡಿಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. “ಬಲಗಡಿ ಈಗ ಕಾಣಸವಲ್ದವಾ,” ಎಂದರು. “ನನ್ನ ತಮ್ಮಗ ಹೇಳಬ್ಯಾಡ.”

ಯಾಕೆ ಎಂದು ಅವರೇ ಹೇಳಿದರು. ರೇಲ್ವೆಯಲ್ಲಿ ಕೆಲವು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ನಪಾಸಾದವನನ್ನು ಹಳಿಯಿಂದ ತೆಗೆದು ಒಳಗೆ ಕೂರಿಸುತ್ತಿದ್ದರಂತೆ. ಕೊನೆಯ ಸಲ ಇವರು ಸರದಿಯಲ್ಲಿ ನಿಂತು, ಮುಂದಿನವರು ಓದುವುದನ್ನು ಕೇಳಿ ಗೋಡೆಯ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿ ಪಾಸಾಗಿದ್ದರಂತೆ. “ಸ್ಕೂಟರ್ ಒಂದು ಉಳದದ ನೋಡವಾ. ಅದನ್ನೂ ಕಸಗೋತಾರ.”

ನಾಲ್ಕು ದಿನ ಬಾಯಿ ಮುಚ್ಚಿಕೊಂಡೆ. ಅವರು ಸ್ಕೂಟರು ತೆಗೆದರೆ ಕೆಳಗಿನ ತಿರುವಿನ ಹಾರ್ನುಗಳನ್ನೆಲ್ಲ ಕೇಳುತ್ತ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಎರಡು ಸಲ ಬೇಳೆ ಸೀದಿತು. ನೇರ ನೋಡಿ ಮಾತಾಡದವರಿಗೆ ಇನ್ನು ಸ್ಕೂಟರು ಮುಟ್ಟಬೇಡಿ ಎಂದು ಹೇಗೆ ಹೇಳುವುದು? ಐದನೆಯ ದಿನ ನಮ್ಮ ಮನೆಯವರು, “ಅಣ್ಣಾ, ಭೋಸರಿಗೆ ಕೆಲಸ ಅದ. ನೀ ಸ್ಕೂಟರ್ ಮ್ಯಾಲ ಬಿಡ್ತೀಯೇನು?” ಎಂದರು. ಅದು ಊರಿನ ಆ ತುದಿ. ಟ್ರಕ್ಕುಗಳ ದಾರಿ, ಬಲಗಡೆಯಿಂದಲೇ ಮೈಮೇಲೆ ಬರುತ್ತವೆ. ನಾನು ಸ್ಕೂಟರಿನ ಕೀಲಿ ತೆಗೆದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ.

ಭಾವನವರು ಮನೆಯೆಲ್ಲ ತಡಕಾಡಿದರು. ನಮ್ಮ ಮನೆಯವರು, “ಅಣ್ಣಾ, ಕಿಸೆ ನೋಡ್ಕೋ, ಕಿಸೆ,” ಎಂದು ಬಾಗಿಲಲ್ಲಿ ಕೂಗುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಅಣ್ಣತಮ್ಮಂದಿರ ನಡುವೆ ಹೋಗಿ ನಿಂತೆ.

“ಕೀಲಿ ನನ್ನ ಹತ್ರ ಅದರಿ ಭಾವಾರ. ಕೊಡೂದಿಲ್ರಿ.”

ಇನ್ನು ನನ್ನ ಕೈಯ ನೀರು ಮುಟ್ಟುವುದಿಲ್ಲ ಈ ಮನುಷ್ಯ ಅಂದುಕೊಂಡೆ. ಅವರು ನನ್ನನ್ನು ನೋಡಿದರು, ತಲೆಯನ್ನು ಸ್ವಲ್ಪ ಓರೆ ಮಾಡಿ, ಕಾಣುವ ಕಡೆಯಿಂದ. ಆಮೇಲೆ ತಮ್ಮನಿಗೆ ಹೇಳಿದರು: “ರಿಕ್ಷಾ ಕರಿಯಪಾ. ಭೋಸರಿಗಲ್ಲ, ಕಣ್ಣಿನ ಡಾಕ್ಟರ್ ಕಡೆ.”

ಬಲಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಒಳಗಿನ ಒತ್ತಡ ಸದ್ದಿಲ್ಲದೆ ಅಂಚಿನಿಂದ ತಿನ್ನುತ್ತ ಬರುವ ರೋಗ. ಎಡಗಣ್ಣಿಗೂ ಮೂಗಿನ ಕಡೆಯಿಂದ ಹತ್ತಿದೆ, ಅದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು, ರಕ್ತಸಂಬಂಧದವರೂ ತೋರಿಸಿಕೊಳ್ಳಬೇಕು ಎಂದರು ಡಾಕ್ಟರು. ಹೊರಗೆ ಬಂದ ಭಾವನವರು ನನಗೇ ಹೇಳಿದರು: “ಇವನ್ನ ವರ್ಷಾ ವರ್ಷಾ ಕರಕೊಂಡು ಬರಬೇಕವಾ ನೀ. ಅವ ತಾನ ಹೇಳೂದಿಲ್ಲ. ನಮ್ಮ ಮನಿ ಗಂಡಸರು ಹೇಳೂದಿಲ್ಲ.”

ಆಮೇಲೆ ಎರಡು ವರ್ಷ ಮಧ್ಯಾಹ್ನ ಸೋಫಾದ ಬಲತುದಿಯಲ್ಲಿ ನಾನು ಕೂತೆ. ಅವರು ಎಸೆಯುವುದು, ನಾನು ಹೇಳುವುದು: ಬಲಕ್ಕ, ಮೂರು ಹೆಜ್ಜೆ, ಬಗ್ಗರಿ. ಕಳೆದ ಚಳಿಗಾಲ ಒಂದು ಮುಂಜಾನೆ ಅವರು ಎದ್ದೇಳಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಯಂತ್ರ ಹಚ್ಚಿ ನೋಡಿದೆ. ಬಿಲ್ಲುಗಾರ ಹುಲ್ಲಿನ ಬಯಲಲ್ಲಿ ಬರಿಗೈಯಲ್ಲಿ ನಿಂತಿದ್ದ, ಈಟಿ ಆಚೆ ಬಿದ್ದಿತ್ತು. ಎಸೆಯಲು ನನಗೆ ಬರುವುದಿಲ್ಲ. ನಡೆಸಿಕೊಂಡು ಹೋಗಿ ಎತ್ತಿ ಅವನ ಕೈಗೆ ಕೊಟ್ಟು ಯಂತ್ರ ಬಂದ್ ಮಾಡಿದೆ.

ಎರಡು ಸಲ ಪರೀಕ್ಷೆಯಲ್ಲಿ ಪಾಸಾಗಿದ್ದ ನಮ್ಮ ಮನೆಯವರು ಈ ವರ್ಷ, “ಏನೂ ಆಗಿಲ್ಲ ಬಿಡ,” ಎಂದು ಮೂರು ತಿಂಗಳು ತಳ್ಳಿದರು. ಅಲ್ಲಿಗೇ ನನಗೆ ಅನುಮಾನ. ಇವತ್ತು ಕತ್ತಲೆ ಕೋಣೆಯಲ್ಲಿ ಟಿಕ್ ಟಿಕ್ ಒಂದೇ ತಾಳದಲ್ಲಿ ಬೀಳತೊಡಗಿತು. ಪರೀಕ್ಷೆಯ ಹುಡುಗಿ, “ಕಾಕಾ, ದಿಸಲಂ ತರಚ್ ದಾಬಾ,” ಎಂದು ಗದರಿದಳು. ಕಂಡರೆ ಮಾತ್ರ ಒತ್ತಿ ಅಂತ. ಕಾಣದ ಚುಕ್ಕೆಗಳಿಗೂ ಲೆಕ್ಕ ಹಾಕಿ ಒತ್ತುತ್ತಿದ್ದರು, ಅಣ್ಣನ ತಮ್ಮ. ನಾನು ಬಾಗಿಲು ಸರಿಸಿ, “ಖರೇನ ಒತ್ತರಿ. ಭಾವಾರ ಆಣಿ ಅದ,” ಎಂದೆ. ಮೊದಲಿನಿಂದ ಮಾಡಿಸಿದರು. ಈ ಸಲ ಟಿಕ್ ಬಿಟ್ಟು ಬಿಟ್ಟು ಬಂತು. ಬಲಗಣ್ಣಿನ ಮೇಲಂಚಿನಲ್ಲಿ ಉಗುರಿನಷ್ಟು ಕಪ್ಪು. ಬೇಗ ಸಿಕ್ಕಿದೆ, ದಿನಾ ಹನಿ ತಪ್ಪಿಸಬೇಡಿ ಎಂದರು ಡಾಕ್ಟರು.

ಸಂಜೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು. ರೊಟ್ಟಿ ಎರಡಾದ ಮೇಲೆ ನಮ್ಮ ಮನೆಯವರು ಸಾಕೆಂದರು, ನಾನು ಒತ್ತಾಯ ಮಾಡಲಿಲ್ಲ. ಹನಿ ಹಾಕಿ ಐದು ನಿಮಿಷ ಕಣ್ಣು ಮುಚ್ಚಿಕೊಳ್ಳಿ ಅಂದೆ, ನಾನು ಗಡಿಯಾರ ನೋಡುತ್ತ ಕೂತೆ. ಮೂರನೆಯ ನಿಮಿಷಕ್ಕೆ ಗೊರಕೆ ಬಂತು. ಇವತ್ತು ನನಗಿಂತ ಮೊದಲು ಮಲಗಿದವರು ಅವರು.